ನೂರಾ ಹದಿನೇಳನೆಯ ಪುಟದ ಚೆಕ್ಕುಬಂದಿ

ಕಡಲೆ ಕಟಾವು ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ತಾಲ್ಲೂಕು ಕಚೇರಿಯ ಸಿಪಾಯಿ ನಮ್ಮ ಮನೆ ಬಾಗಿಲಿಗೆ ಬಂದು ನಿಂತ.

"ಸಾಹೇಬ್ರು ಕರೀತಾರ್ರಿ. ಇವತ್ತಽ ಬರಬೇಕಂತ. ಹಳೇ ಕಾಗದ ಓದಾಕ ಯಾರಿಗೂ ಬರವಲ್ದಂತ."

ದಾಖಲೆ ಕೋಣೆಯ ಕೆಲಸದಿಂದ ನಿವೃತ್ತನಾಗಿ ಹತ್ತು ವರ್ಷ ಕಳೆದಿದ್ದರೂ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಕಚೇರಿಯ ಮೆಟ್ಟಿಲು ಹತ್ತುವ ಅಭ್ಯಾಸ ಕಾಲಿನಿಂದ ಹೋಗಿರಲಿಲ್ಲ. ಹೋದೆ.

ತಹಶೀಲ್ದಾರರು ರಾಜಧಾನಿಯಿಂದ ಬಂದ ಪತ್ರ ಕೊಟ್ಟರು. ದಶಕಗಳ ಕಾಲ ಮುಚ್ಚಿಟ್ಟಿದ್ದ ಸಚಿವ ಸಂಪುಟದ ಹಳೆಯ ಟಿಪ್ಪಣಿಗಳನ್ನು ಸಾರ್ವಜನಿಕರಿಗೆ ತೆರೆಯುವ ತೀರ್ಮಾನವಾಗಿತ್ತು. ಯಾರು ಬೇಕಾದರೂ ಮೊಬೈಲಿನಲ್ಲೇ ಓದಬಹುದು. ಅವುಗಳಲ್ಲಿ ಒಂದು ವಿಷಯ ನಮ್ಮ ತಾಲ್ಲೂಕಿನದು. ಅದಕ್ಕೆ ನಮ್ಮ ಕಚೇರಿಯಿಂದ ಹೋದ ವಿಚಾರಣಾ ವರದಿ ಲಗತ್ತಾಗಿತ್ತು. ಸಂಪುಟದ ಪ್ರತಿಯನ್ನು ಕಚೇರಿಯ ಪ್ರತಿಯೊಂದಿಗೆ ಪುಟಕ್ಕೆ ಪುಟ ತಾಳೆ ನೋಡಿ, ಆಕ್ಷೇಪಣೆ ಇದ್ದರೆ ಹದಿನೈದು ದಿನದೊಳಗೆ ತಿಳಿಸಬೇಕು. ಸುಮ್ಮನಿದ್ದರೆ ಒಪ್ಪಿಗೆ ಎಂದೇ ಅರ್ಥ.

ವಿಷಯದ ಸಾಲು ಓದಿದ ಕೂಡಲೇ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಕೆರೆ ಒಡ್ಡಿನ ಪ್ರಕರಣ. ಆ ವರದಿಯ ಅರ್ಧದಷ್ಟು ಕೈಬರಹ ನನ್ನದು.

ಪ್ರಕರಣ ಇಷ್ಟು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ವಾರ ಹಿಡಿದ ಮಳೆಗೆ ನಮ್ಮ ತಾಲ್ಲೂಕಿನ ಒಂದು ಊರಿನ ಕುಡಿಯುವ ನೀರಿನ ಕೆರೆ ತುಂಬಿತು. ನೀರು ಹಿಂದಕ್ಕೆ ಒತ್ತಿ ಊರಿನ ದೊಡ್ಡ ಮನೆತನದ ಹತ್ತಿ, ಉಳ್ಳಾಗಡ್ಡಿ ಹೊಲಗಳೊಳಗೆ ನಿಂತಿತು. ಒಂದು ನಸುಕಿನಲ್ಲಿ ಒಡ್ಡು ಒಡೆಯಿತು. ಹೊಲದ ನೀರು ಇಳಿಯಿತು, ಕೆಳಗಿನ ಓಣಿಗೆ ನುಗ್ಗಿತು. ಒಬ್ಬ ತಾಯಿ, ಅವಳ ಇಬ್ಬರು ಮಕ್ಕಳು ಕೊಚ್ಚಿ ಹೋದರು. ಮಳೆಗೆ ಒಡೆಯಿತು ಎಂದು ಊರಿನ ಹಿರಿಯರು ಹೇಳಿದರು. ಕಡಿದರು ಎಂದು ಕೆಳಗಿನ ಓಣಿಯವರು ಹೇಳಿದರು. ಅವರ ಮಾತಿಗೆ ಸಾಕ್ಷಿ ಇರಲಿಲ್ಲ. ವಿಚಾರಣೆಗೆ ಬಂದ ಅಧಿಕಾರಿಗೆ ಒಬ್ಬರೇ ಒಬ್ಬರು ಗುಟ್ಟಾಗಿ ಹೇಳಿಕೆ ಕೊಟ್ಟರು. ವರದಿ ಮೇಲಕ್ಕೆ ಹೋಯಿತು. ಸಂಪುಟದಲ್ಲಿ ಏನಾಯಿತೆಂದು ನಮಗೆ ತಿಳಿಯಲಿಲ್ಲ. ಈಗ ತಿಳಿಯಿತು. ಟಿಪ್ಪಣಿಯ ಕೊನೆಗೆ ಒಂದೇ ಸಾಲಿತ್ತು: 'ಚರ್ಚಿಸಿ ಮುಂದೂಡಲಾಯಿತು.' ಆಮೇಲೆ ಅದನ್ನು ಯಾರೂ ಮತ್ತೆ ಮೇಜಿನ ಮೇಲೆ ತಂದಿರಲಿಲ್ಲ.

ಮರುದಿನ ಕೆಲಸ ಶುರು ಮಾಡಿದೆ. ಮೊದಲು ಕಡತ ಕಟ್ಟಿದ ಕೆಂಪು ರುಮಾಲು ಬಿಚ್ಚಿ, ಬ್ರಶ್ಶಿನಿಂದ ಧೂಳು ತೆಗೆದು, ಓದುವ ಮೊದಲು ಬರೀ ಪುಟ ಎಣಿಸಬೇಕು. ಎರಡು ಸಲ ಎಣಿಸಬೇಕು. ಎಣಿಕೆ ಸರಿಹೋದ ಮೇಲೆ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಎರಡನೆಯ ಪ್ರತಿಯ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. 'ಸರಿ', 'ನಿಲ್ಲಿ' ಎಂಬೆರಡು ಮಾತು ಬಿಟ್ಟರೆ ನಡುವೆ ಬೇರೆ ಮಾತು ಸಲ್ಲದು.

ಜೊತೆಗೆ ಕೊಟ್ಟವರು ಅಳ್ನಾವರದ ಕಡೆಯ ಗುಮಾಸ್ತೆ, ನಲವತ್ತು ದಾಟಿದ ಹೆಣ್ಣುಮಗಳು. ಮೊದಲ ದಿನವೇ ನನ್ನ ಕಟ್ಟಳೆ ಮುರಿದರು.

"ಸರ, ನೀವು ಓದೂದು ಕೇಳಿದ್ರ ಕೋರ್ಟಿನಾಗ ಹೆಸರು ಕೂಗಿದಂಗ ಆಕೈತ್ರಿ. ನನ್ನಽ ಕರದ್ರೇನೋ ಅಂತ ಎರಡು ಸಲ ಎದ್ದೆ."

"ಕುಂದರ್ರಿ. ಪುಟ ಹನ್ನೆರಡು."

"ಸರಿ. ಚಾ ಯಾವ ಪುಟಕ್ಕ ಬರ್ತೈತ್ರಿ?"

ಐವತ್ತನೆಯ ಪುಟಕ್ಕೆ ಎಂದೆ. ಆಮೇಲೆ ಪ್ರತಿದಿನ ಐವತ್ತು ಪುಟಕ್ಕೊಮ್ಮೆ ಚಹಾ ಬಂತು.

ರಾಜಧಾನಿಯವರು ತಮ್ಮ ಪ್ರತಿಯಲ್ಲಿ ಖಾಸಗಿ ವ್ಯಕ್ತಿಗಳ ಹೆಸರು, ಸರ್ವೆ ನಂಬರುಗಳ ಮೇಲೆಲ್ಲ ಕಪ್ಪು ಪಟ್ಟಿ ಎಳೆದಿದ್ದರು. ಅಚ್ಚುಕಟ್ಟಾದ ಕೆಲಸ. ಮೆಚ್ಚಿಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಏಳೂವರೆಗೆ ನಮ್ಮ ಮನೆಗೆ ಆ ದೊಡ್ಡ ಮನೆತನದ ಮಗ ಬಂದ. ಬೀಜ, ಗೊಬ್ಬರದ ವ್ಯಾಪಾರಿ. ಅರವತ್ತರ ಹತ್ತಿರದ ಮನುಷ್ಯ. ಹಣೆಗೆ ವಿಭೂತಿ, ಇಸ್ತ್ರಿಯ ಬಿಳಿ ಅಂಗಿ. ನನಗೂ ಅವನಿಗೂ ಮಾತುಕತೆ ಅಷ್ಟಕ್ಕಷ್ಟೆ. ಆದರೂ ಒಳಗೆ ಬಂದು ಕಾಲು ಮುಟ್ಟಿದ.

"ಕಾಕಾ, ಆ ಕಡತ ನಿಮ್ಮ ಕೈಯಾಗ ಐತಂತಲ್ರಿ."

"ಕಚೇರಿ ಮಾತು ಕಚೇರಿಯಾಗಿರ್ಲಿ."

"ಇರ್ಲಿ ಬಿಡ್ರಿ. ನಾ ಏನೂ ಬದಲ್ ಮಾಡ್ರಿ ಅನ್ನಾಂಗಿಲ್ಲ. ಅಪ್ಪಗ ತೊಂಬತ್ತಾತು, ಕಣ್ಣು ಕಾಣೂದಿಲ್ಲ. ಅವರ ಮುಂದ ಯಾರೂ ಓದಿ ಹೇಳಬಾರದು, ಅಷ್ಟಽ." ಅಂಗಿಯ ತೋಳು ಸರಿಮಾಡಿಕೊಂಡ. "ಮತ್ತ ಇನ್ನೊಂದೈತ್ರಿ. ನಮ್ಮ ಹೊಲದಾಗ ಉಂಡವರು ಯಾರೋ ಒಬ್ಬರು ಹೇಳ್ಯಾರ. ಅವರ್ಯಾರು ಅಂತ ಅಪ್ಪ ಇಷ್ಟು ವರ್ಷ ಕೇಳಕೋತ ಬಂದಾರ. ಸಾಯೂದ್ರೊಳಗ ತಿಳೀಲಿ ಅನ್ನೂದು ಅವರ ಆಸೆ."

"ತಿಳದು ಏನ್ ಮಾಡ್ತೀರಿ?"

"ಏನೂ ಇಲ್ರಿ. ಮಾತಾಡ್ತೀವಿ," ಎಂದ.

ಹೊರಡುವಾಗ ಬಾಗಿಲ ಬಳಿ ಅಡ್ಡಾದಿಡ್ಡಿ ಬಿದ್ದಿದ್ದ ನನ್ನ ಚಪ್ಪಲಿಗಳನ್ನು ಬಗ್ಗಿ, ಜೋಡಿಸಿ, ಮುಖ ಹೊರಗೆ ಮಾಡಿ ಇಟ್ಟು ಹೋದ. ಮನೆಯಾಕೆ, "ಎಷ್ಟು ಸಂಭಾವಿತ ಮನುಷ್ಯ," ಎಂದಳು. ನಾನು ನಾಷ್ಟಾ ಬಿಟ್ಟು ಕಚೇರಿಗೆ ಹೊರಟೆ.

ಅದೇ ದಿನ ಮಧ್ಯಾಹ್ನ ನೂರಾ ಹದಿನೇಳನೆಯ ಪುಟಕ್ಕೆ ಬಂದೆವು. ಗುಟ್ಟಿನ ಹೇಳಿಕೆ. ಹೆಸರಿನ ಮೇಲೆ ಕಪ್ಪು ಪಟ್ಟಿ, ಹೆಬ್ಬೆಟ್ಟಿನ ಗುರುತಿನ ಮೇಲೂ ಕಪ್ಪು ಪಟ್ಟಿ. ಅದರ ಕೆಳಗಿನ ಸಾಲನ್ನು ನಾನು ಗಟ್ಟಿಯಾಗಿ ಓದತೊಡಗಿದೆ.

"ಹೇಳಿಕೆ ಕೊಟ್ಟವರು ಸದರಿ ದಿನ ವಾಸವಿದ್ದ ಕುರಿ ದೊಡ್ಡಿಯ ಚೆಕ್ಕುಬಂದಿ: ಪೂರ್ವಕ್ಕೆ ಕೆರೆಯ ಒಡ್ಡು, ಪಶ್ಚಿಮಕ್ಕೆ ಬಂಡಿ ದಾರಿ, ಉತ್ತರಕ್ಕೆ ಹಾಳು ಬಾವಿ, ದಕ್ಷಿಣಕ್ಕೆ ಎರಡು ಬನ್ನಿ ಗಿಡ…"

ಆ ಸಾಲಿನ ಮೇಲೆ ಮೊದಲಿನಿಂದ ಮತ್ತೆ ಕಣ್ಣಾಡಿಸಿದೆ.

"ಸರಿ," ಎಂದರು ಗುಮಾಸ್ತೆ. ನಾನು ಮುಂದೆ ಓದದ್ದನ್ನು ನೋಡಿ, "ಯಾಕ್ರಿ ಸರ?" ಎಂದರು.

ಕಂದಾಯ ಕಚೇರಿಯಲ್ಲಿ ಬೆಳೆದವರಿಗೆ ಒಂದು ರೂಢಿ. ಜಾಗದ ಮಾತು ಬಂದರೆ ಸಾಕು, ನಾಲ್ಕು ದಿಕ್ಕಿನ ಗಡಿ ಬರೆಯದೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಹೊಲವೋ ಮನೆಯೋ ಆದರೆ ಸರಿ. ಮುಳ್ಳಿನ ಬೇಲಿ ಹಾಕಿ ನಾಲ್ಕು ತಿಂಗಳ ಮಟ್ಟಿಗೆ ಮಾಡಿಕೊಂಡ ಕುರಿ ದೊಡ್ಡಿಗೆ ಚೆಕ್ಕುಬಂದಿ ಯಾರೂ ಕೇಳಿರಲಿಲ್ಲ. ಅಧಿಕಾರಿ ಹೇಳಲಿಲ್ಲ. ಸಾಕ್ಷಿ ತಾನಾಗಿ ಹೇಳಲಿಲ್ಲ. ಇಪ್ಪತ್ತೈದು ತುಂಬದ ಗುಮಾಸ್ತನಾಗಿದ್ದ ನಾನು, ಕಲಿತ ಪಾಠ ಒಪ್ಪಿಸುವಂತೆ ಕೇಳಿ ಕೇಳಿ ಬರೆದುಕೊಂಡಿದ್ದೆ. ರಾಜಧಾನಿಯವರಿಗೆ ಬಾವಿ, ಬನ್ನಿ ಗಿಡಗಳಲ್ಲಿ ಏನೂ ಕಾಣಲಿಲ್ಲ. ಆ ಊರಿನಲ್ಲಿ ಅದನ್ನು ಓದಿದ ಯಾವ ಮುದುಕನೂ, ಆ ಮಳೆಗಾಲದಲ್ಲಿ ಅಲ್ಲಿ ಯಾರ ಕುರಿ ಇದ್ದವು ಎಂದು ಕಣ್ಣುಮುಚ್ಚಿ ಹೇಳುತ್ತಾನೆ.

ಹೇಳಿಕೆ ಕೊಟ್ಟ ಕುರಿಗಾರರ ಹೆಣ್ಣುಮಗಳು ಇನ್ನೂ ಬದುಕಿದ್ದಳು. ಅದೇ ಊರಿನಲ್ಲಿದ್ದಳು.

ಮರುದಿನ ರಾಜಧಾನಿಗೆ ಫೋನ್ ಮಾಡಿದೆ. ಕಡತ ನೋಡಿಕೊಳ್ಳುತ್ತಿದ್ದ ಅಧಿಕಾರಿ ಮರ್ಯಾದಸ್ಥ, ಅವಸರದ ಮನುಷ್ಯ.

"ನಿಯಮದಲ್ಲಿ ಹೆಸರು, ವಿಳಾಸ, ಸರ್ವೆ ನಂಬರ್ ಅಂತ ಇದೆ ಸರ್. ಬಾವಿ, ಮರ ಎಲ್ಲ ವಿಳಾಸ ಹೇಗಾಗುತ್ತೆ?"

"ನಮ್ಮ ಕಡೆ ಅದೇ ವಿಳಾಸ."

"ಹಾಗಾದರೆ ಆ ನಾಲ್ಕು ಸಾಲು ಮಾತ್ರ ಯಾಕೆ ಮುಚ್ಚಬೇಕು ಅಂತ ಕಾರಣ ಬರೆದು ಕಳಿಸಿ. ಆದರೆ ಆಕ್ಷೇಪಣೆಯ ಪತ್ರವೂ ಕಡತದ ಜೊತೆಗೇ ಪ್ರಕಟವಾಗುತ್ತೆ."

ಹಾಗೆ ಕಾರಣ ಬರೆದರೆ, ಇದು ಸಾಕ್ಷಿಯ ಗುರುತು ಎಂದು ನಾನೇ ಬರೆದುಕೊಟ್ಟು, ಅದನ್ನೂ ಊರಿಗೆ ಓದಿಸಿದಂತಾಗುತ್ತಿತ್ತು. ಕಾರಣ ಕೊಡದೆ ಮುಚ್ಚುವ ದಾರಿ ಇಲ್ಲವೇ ಎಂದು ಕೇಳಿದೆ.

"ಇಡೀ ಕಡತದ ಎಲ್ಲ ಚೆಕ್ಕುಬಂದಿ ಮುಚ್ಚಿ ಅಂತ ಕೇಳಿ. ಒಂದನ್ನೇ ಆರಿಸಿದ ಹಾಗಾಗಲ್ಲ. ಇಲ್ಲವಾ, ಆ ವ್ಯಕ್ತಿ ಬದುಕಿದ್ದರೆ ಅವರ ಲಿಖಿತ ಇಚ್ಛೆ ಕಳಿಸಿ. ಹೆಸರು ತೆರೀಬೇಕು ಅಂದರೆ ತೆರೀತೀವಿ."

ಎಲ್ಲವನ್ನೂ ಮುಚ್ಚುವುದು ಸುಲಭದ ದಾರಿ ಎಂದು ಎರಡು ದಿನ ಕೂತು ಪುಟಗಳ ಪಟ್ಟಿ ಮಾಡಿದೆ. ಪಟ್ಟಿ ಮುಗಿದ ಮೇಲೆ ಇನ್ನೊಂದು ಕಂಡಿತು. ಒಡ್ಡು ಕಡಿದ ಜಾಗ ಯಾವುದು, ನೀರಿನಿಂದ ಪಾರಾದ ಹೊಲ ಯಾವುದು ಎಂದು ತೋರಿಸುತ್ತಿದ್ದದ್ದೂ ಚೆಕ್ಕುಬಂದಿಗಳೇ. ಹೆಸರುಗಳು ಮೊದಲೇ ಕಪ್ಪಾಗಿದ್ದವು. ಗಡಿಗಳನ್ನೂ ಕಪ್ಪು ಮಾಡಿದರೆ ಆ ವರದಿಯಲ್ಲಿ ಕಡಿದವರೂ ಇಲ್ಲ, ಕಡಿದ ಜಾಗವೂ ಇಲ್ಲ. ಕೆಳಗಿನ ಓಣಿಯವರು ಇಷ್ಟು ವರ್ಷ ಕಾಯ್ದದ್ದು ಖಾಲಿ ಹಾಳೆಗೆ ಎಂದಾಗುತ್ತಿತ್ತು.

ಆಕೆಯನ್ನು ಉಳಿಸಿದರೆ ಒಡ್ಡು ಕಡಿದವರೂ ಉಳಿಯುತ್ತಾರೆ. ಇದನ್ನು ತೀರ್ಮಾನಿಸುವ ಅಧಿಕಾರ ನನಗಿಲ್ಲ ಎಂದುಕೊಂಡೆ. ತಹಶೀಲ್ದಾರರಿಗೆ ಹೇಳಿ, ಆಕೆಯ ಇಚ್ಛೆ ಕೇಳಲು ಅನುಮತಿ ಪಡೆದೆ.

ನೇರವಾಗಿ ಆಕೆಯ ಮನೆಗೆ ಹೋದರೆ ಊರಿಗೇ ತಿಳಿಯುತ್ತದೆ. ಗುಮಾಸ್ತೆ ದಾರಿ ತೋರಿಸಿದರು. ಆ ಊರಿನ ವೃದ್ಧಾಪ್ಯ ವೇತನದವರ ಖುದ್ದು ಪರಿಶೀಲನೆ ಹೇಗೂ ಬಾಕಿ ಇತ್ತು. ಹನ್ನೆರಡು ಮನೆ. ಆಕೆಯದು ಏಳನೆಯದು. ಪ್ರತಿ ಮನೆಯಲ್ಲೂ ಒಂದೇ ಹೊತ್ತು ಕೂರೋಣ ಎಂದು ಗಡಿಯಾರ ನೋಡಿಕೊಂಡೆವು.

ಆಕೆ ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದಳು. ಎಪ್ಪತ್ತೈದು ದಾಟಿದ ಒಣಗಿದ ಮೈ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಗ ಕುರಿಯ ಹಿಂದೆ ಹೋಗಿದ್ದ.

"ಪಗಾರ ನಿಂತತೇನವಾ?" ಎಂದು ಗುಮಾಸ್ತೆಯನ್ನು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದಳು.

"ಅವತ್ತು ಸಾಲ್ಯಾಗ ಕುಂತು ಬರಕೊಂಡಾಂವ ನೀನಲಾ? ಸಣಕಲ ಇದ್ದಿ. ನಿನ್ನ ಕೈ ನಡಗತಿತ್ತು."

"ನಿಮ್ಮ ಕೈ ನಡಗಲಿಲ್ಲ."

"ನಂದ್ಯಾಕ ನಡಗತೈತಿ? ಕಡದಾಕಿ ನಾನೇನು?"

ಏನು ನಡೆಯಲಿದೆ ಎಂದು ಹೇಳಿದೆ. ಆಕೆಯ ಹೇಳಿಕೆಯನ್ನೇ ಆಕೆಗೆ ಓದಿದೆ. ನಸುಕಿನಲ್ಲಿ ನಾಯಿ ಬೊಗಳಿದ್ದು, ಎದ್ದು ನೋಡಿದಾಗ ಒಡ್ಡಿನ ಮೇಲೆ ಕಂದೀಲು, ಇಬ್ಬರು ಆಳುಗಳ ಕೈಯಲ್ಲಿ ಗುದ್ದಲಿ, ಬಾಜೂಕ್ಕೆ ನಿಂತು 'ಇನ್ನೂ ಆಳ, ಇನ್ನೂ ಆಳ' ಎನ್ನುತ್ತಿದ್ದ ಆ ಹೊಲಗಳ ಯಜಮಾನ. ಓದಿ ಮುಗಿಸಿದೆ.

"ಇಷ್ಟಽ ಏನು?" ಎಂದಳು. "ನೀರಾಗ ಆ ಕೂಸು ಒದರಿದ್ದು ಬರದಿಲ್ಲೇನು?"

ಬರೆದಿರಲಿಲ್ಲ. ಅದು ಒಡ್ಡು ಒಡೆದ ಕಾರಣಕ್ಕೆ ಸಂಬಂಧಿಸಿದ್ದಲ್ಲ ಎಂದು ಅಧಿಕಾರಿ ಬಿಡಿಸಿದ್ದರು. ನಾನೂ ಬಿಟ್ಟಿದ್ದೆ. ಹಾಗೆಂದು ಹೇಳಿದೆ. ಆಕೆ ಉಣ್ಣೆಯ ಮೇಲಿನ ಕಸ ಆರಿಸುತ್ತ ಕೂತಳು.

ಇರುವ ಮೂರು ದಾರಿಗಳನ್ನು ಬಿಡಿಸಿ ಹೇಳಿದೆ. ಎಲ್ಲ ಗಡಿ ಮುಚ್ಚಿದರೆ ಆಕೆ ಕಾಣುವುದಿಲ್ಲ, ಕಡಿದವರೂ ಕಾಣುವುದಿಲ್ಲ. ಈಗಿದ್ದಂತೆ ಬಿಟ್ಟರೆ ಹೆಸರಿಲ್ಲದಿದ್ದರೂ ಊರಿಗೆ ಗುರುತು ಸಿಗುತ್ತದೆ. ಆಕೆ ಇಚ್ಛೆಪಟ್ಟರೆ ಹೆಸರೂ ತೆರೆಯುತ್ತದೆ.

"ಇದ್ದಂಗ ಬಿಟ್ರ ಯಾರ ಮ್ಯಾಲೆ ಬರ್ತೈತಿ?"

"ನಿಮ್ಮ ಮ್ಯಾಲೆ."

"ನಿನಗ ತಿಳೀಲಿಲ್ಲ. ಆ ದೊಡ್ಯಾಗ ಇದ್ದವರು ಇಬ್ಬರು. ನಾನು, ನನ್ನ ನೆಗೆಣ್ಣಿ, ಮೈದುನನ ಹೇಣ್ತಿ. ಆಕಿ ಮಲಗಿದ್ಲು, ಎದ್ದು ನೋಡಿಲ್ಲ. ಈಗ ಆಕಿ ಸತ್ತು ಎಷ್ಟೋ ವರ್ಷಾತು, ಆಕಿ ಮಕ್ಕಳು ಇದಽ ಓಣ್ಯಾಗ ಅದಾರ. ಹೆಸರು ಮುಚ್ಚಿದ್ರ ಅರ್ಧ ಮಂದಿ ನನ್ನ ಹಿಡೀತಾರ, ಅರ್ಧ ಮಂದಿ ಆ ಮಕ್ಕಳನ್ನ ಹಿಡೀತಾರ. ನೋಡಿದಾಕಿ ನಾನು."

"ಎಲ್ಲಾ ಮುಚ್ಚಿಬಿಟ್ರ?" ಎಂದರು ಗುಮಾಸ್ತೆ.

"ಎಲ್ಲಾ ಮುಚ್ಚೂದಾಗಿದ್ರ ಅವತ್ತಽ ಸುಮ್ನಿರ್ತಿದ್ನಲ್ಲವಾ." ಉಣ್ಣೆಯನ್ನು ಪಕ್ಕಕ್ಕೆ ಸರಿಸಿದಳು. "ಮಸಿ ತಂದೀಯೇನು?"

ಹೆಸರು ತೆರೆಯಬೇಕೆಂಬ ಆಕೆಯ ಇಚ್ಛೆ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡೆ. ಗುಮಾಸ್ತೆ ಸಾಕ್ಷಿ ಹಾಕಿದರು. ಆಮೇಲೆ ಉಳಿದ ಐದು ಮನೆಗೂ ಹೋಗಿ, ಅಷ್ಟಷ್ಟೇ ಹೊತ್ತು ಕೂತು, ಬಸ್ಸು ಹಿಡಿದೆವು.

ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ಆಕೆಯ ಮಗ ಕಚೇರಿಗೆ ಬಂದ. ಕಂಬಳಿ ಹೆಗಲ ಮೇಲಿತ್ತು. ದಾಖಲೆ ಕೋಣೆಯ ಬಾಗಿಲಲ್ಲೇ ನಿಂತ.

"ಅವ್ವನ ಹೆಬ್ಬಟ್ಟು ವಾಪಸ್ ಕೊಡ್ರಿ."

"ಒಳಗ ಬಾ, ಕುಂದರು."

"ಕುಂದರಾಕ ಬಂದಿಲ್ರಿ. ಕಡ್ಲಿ ತಗದ ಹೊಲದಾಗ ಗೊಬ್ಬರಕ್ಕಂತ ನಮ್ಮ ಕುರಿ ತರಬಿ ನಿಲ್ಲಸ್ತೀವಿ. ಅರ್ಧ ಊರಿನ ಹೊಲ ಆ ದೊಡ್ಡ ಮನಿತಾನದ್ದು, ಉಳದರ್ಧ ಅವರ ಮಾತು ಮೀರೂದಿಲ್ಲ. ಅವರು ಒಲ್ಲೆ ಅಂದ್ರ ನನ್ನ ಕುರಿ ಎಲ್ಲಿ ನಿಲ್ಲಬೇಕ್ರಿ? ಅದು ಹೋಗ್ಲಿ. ನಾ ಹದಿನೈದು ದಿನ ಅಡವ್ಯಾಗ ಇರ್ತೀನಿ, ಮನ್ಯಾಗ ಅವ್ವ ಒಬ್ಬಾಕೀನಽ."

"ಅವ್ವ ಏನಂತಾಳ?"

"ಆಕಿಗೇನ್ರಿ, ಆಕಿದು ಮುಗೀತು. ನಮ್ಮದು ಮುಗದಿಲ್ಲ."

ಅವನ ಮಾತು ಸುಳ್ಳಾಗಿರಲಿಲ್ಲ. ಕಾಗದ ನನ್ನ ಎದುರಿಗೇ ಇತ್ತು. ಅದನ್ನು ಅವನ ಕೈಗಿಟ್ಟು, ಎಲ್ಲ ಚೆಕ್ಕುಬಂದಿ ಮುಚ್ಚುವಂತೆ ಸಿದ್ಧವಿದ್ದ ಪಟ್ಟಿಯನ್ನು ಕಳಿಸಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಆದರೆ ಒಮ್ಮೆ ಆಕೆಯ ಒಪ್ಪಿಗೆ ಇಲ್ಲದೆ ಆಕೆಯ ಹೇಳಿಕೆಗೆ ನಾನು ಗಡಿ ಸೇರಿಸಿದ್ದೆ, ಕೂಸಿನ ಕೂಗು ಬಿಟ್ಟಿದ್ದೆ. ಎರಡನೆಯ ಸಲ ಆಗದು.

"ಕೊಟ್ಟಾಕಿ ಆಕಿ. ಹಿಂದ ತಗೊಳ್ಳಾಕಿನೂ ಆಕೀನಽ," ಎಂದೆ. "ಕರಕೊಂಡು ಬಾ. ಇಲ್ಲಾ ಫೋನಿನ್ಯಾಗ ಹೇಳಲಿ. ಐದರ ತನಕಾ ಕಾಯ್ತೀನಿ."

ಅವನು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತು ಫೋನಿನಲ್ಲಿ ಮಾತಾಡಿದ. ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ. ಕೊನೆಗೆ ಬರೀ ಕೇಳುತ್ತ ನಿಂತಿದ್ದ. ತಿರುಗಿ ಒಳಗೆ ಬರಲಿಲ್ಲ. ಕಂಬಳಿ ಸರಿಮಾಡಿಕೊಂಡು ಬಸ್ ನಿಲ್ದಾಣದ ಕಡೆ ನಡೆದ.

ಐದಾಯಿತು. ಕೆಲಸದಲ್ಲಿ ಗಡಿಯಾರ ಮೀರಿದವನಲ್ಲ ನಾನು. ಅಂದು ಐದೂಕಾಲರವರೆಗೆ ಕೂತೆ. ಗುಮಾಸ್ತೆ ಕಂಪ್ಯೂಟರಿನ ಕೀಲಿಯ ಮೇಲೆ ಬೆರಳಿಟ್ಟು ನನ್ನ ಮುಖ ನೋಡುತ್ತಿದ್ದರು.

"ಸರ?"

"ಕಳಸ್ರಿ."

ನಿಗದಿಯಾದ ದಿನ ಹನ್ನೊಂದಕ್ಕೆ ಕಡತ ತೆರೆಯಿತು. ಹನ್ನೊಂದೂವರೆಗೆ ವ್ಯಾಪಾರಿ ಕಚೇರಿಗೆ ಬಂದು, ನೂರಾ ಹದಿನೇಳನೆಯ ಪುಟದ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟ. ಕಾನೂನಿನಂತೆ ಕೊಟ್ಟರು. ನಿಂತಲ್ಲೇ ಓದಿ, ನಾಲ್ಕು ಮಡಿಕೆ ಮಾಡಿ ಎದೆಯ ಕಿಸೆಯಲ್ಲಿಟ್ಟುಕೊಂಡ. ಬೇರೆಯವರ ಹೆಸರು ಇನ್ನೂ ಕಪ್ಪಾಗಿಯೇ ಇದ್ದವು. ಆಕೆಯದೊಂದೇ ಬೆಳ್ಳಗೆ ಕಾಣುತ್ತಿತ್ತು.

"ಅಗದಿ ಸ್ವಚ್ಛ ಅಕ್ಷರ ಕಾಕಾ ನಿಮ್ಮದು," ಎಂದು ನಗುತ್ತಲೇ ಹೋದ.

ಎರಡು ದಿನ ತಡೆದೆ. ಮೂರನೆಯ ದಿನ ಬೆಳಗಿನ ಬಸ್ಸಿಗೆ ಆ ಊರಿಗೆ ಹೋದೆ. ಈ ಸಲ ಬೇರೆ ಮನೆಗಳಿಗೆ ಹೋಗುವ ಅಗತ್ಯವಿರಲಿಲ್ಲ.

ಓಣಿಯ ತುಂಬ ಕುರಿಗಳು ನಿಂತಿದ್ದವು. ಹಗಲು ಹೊತ್ತಿನಲ್ಲಿ, ಮೇಯದೆ, ಗೋಡೆಗೆ ಗೋಡೆ ಒತ್ತಿ. ಊರಿನ ಯಾವ ಹೊಲಕ್ಕೂ ಬಿಡಲಿಲ್ಲವಂತೆ. ಆಕೆಯ ಅಂಗಳದಲ್ಲಿ ಕೆಳಗಿನ ಓಣಿಯವರು ಹತ್ತು ಹನ್ನೆರಡು ಜನ ಕೂತಿದ್ದರು, ಗಂಡಸರು, ಹೆಂಗಸರು, ರೊಟ್ಟಿಯ ಗಂಟು ಮಗ್ಗುಲಲ್ಲಿ ಇಟ್ಟುಕೊಂಡು. ಯಾರೂ ಕರೆದಿರಲಿಲ್ಲ. ಮನೆಗಿಬ್ಬರಂತೆ ಪಾಳಿ ಹಚ್ಚಿಕೊಂಡು ಮೂರು ದಿನದಿಂದ ಬರುತ್ತಿದ್ದರು. ಮಗ ಕಟ್ಟೆಯ ಮೇಲೆ ಮುಖ ತಿರುಗಿಸಿ ಕೂತಿದ್ದ.

ಆಕೆ ಬೈಯುತ್ತಿದ್ದಳು. "ನನ್ನ ಕಾಯಾಕ ಬಂದೀರೇನಲೇ? ನಾ ಏನು ಓಡಿ ಹೋಗಾಕಿ? ಹೋಗ್ರಿ, ನಿಮ್ಮ ನಿಮ್ಮ ತುಂಡು ಹೊಲ ಬಿಟ್ಟು ಕೊಡ್ರಿ, ಕುರಿ ನಿಲ್ಲಲಿ."

"ಬಿಟ್ಟೀವ ಬೇ," ಎಂದನೊಬ್ಬ ಮುದುಕ. "ಸಂಜಿ ಮುಂದ ಹೊಡಕೊಂಡು ಹೋಗೂಣು. ಮೊದಲ ನೀ ಉಣ್ಣು."

ಆಕೆ ನನ್ನನ್ನು ಕಂಡಳು. ಕೂರಲು ಹೇಳಲಿಲ್ಲ. ಓಣಿಯ ತುದಿಯ ಕಡೆ ಗಲ್ಲ ತಿರುಗಿಸಿದಳು. ಅಲ್ಲಿ ಒಂದು ಬಿಳಿ ಜೀಪು ಬಂದು ನಿಂತಿತ್ತು. ಇಂಜಿನ್ ಆರಿಸಿರಲಿಲ್ಲ. ಕಪ್ಪು ಗಾಜು ಏರಿಸಿದ್ದರು. ಒಳಗೆ ಎಷ್ಟು ಮಂದಿ ಎಂದು ಕಾಣುತ್ತಿರಲಿಲ್ಲ. ಅಂಗಳದಲ್ಲಿ ಕೂತವರು ಒಬ್ಬೊಬ್ಬರಾಗಿ ಅತ್ತ ತಿರುಗಿದರು.

"ದೊಡ್ಡ ಮನ್ಯಾರದು, ನಿನ್ನೆನೂ ಬಂದಿತ್ತು," ಎಂದಳು ಆಕೆ. "ಪೆನ್ನು ಐತೇನು? ಬರಕೋ. ಎಷ್ಟೊತ್ತಿಗೆ ಬಂತು, ಎಲ್ಲಿ ನಿಂತೈತಿ, ಯಾರ್ಯಾರು ನೋಡಿದ್ರು. ಎಲ್ಲಾ ಬರಕೋ. ನಿನ್ನ ಲೆಕ್ಕಕ್ಕ ಸಂಬಂಧ ಇಲ್ಲದ್ದೂ ಬರಕೋ."

ಕಿಸೆಯಿಂದ ಪೆನ್ನು ತೆಗೆದೆ. ಹತ್ತು ಗಂಟೆ ನಲವತ್ತು ನಿಮಿಷ. ಅಂಗಳದಲ್ಲಿದ್ದವರ ಹೆಸರು ಒಂದೊಂದಾಗಿ ಕೇಳಿ ಬರೆದೆ. ಯಾರೂ ಹೇಳಲು ಹಿಂದೆ ಮುಂದೆ ನೋಡಲಿಲ್ಲ. ಎಲ್ಲರಿಗಿಂತ ಕೊನೆಗೆ, ಕಟ್ಟೆಯ ಮೇಲಿನಿಂದ ಮಗನೂ ತನ್ನ ಹೆಸರು ಹೇಳಿದ.

ಬರೆದು ತಲೆ ಎತ್ತಿದಾಗ ಜೀಪಿನ ಬಾಗಿಲು ತೆರೆಯುತ್ತಿತ್ತು.